ನಮ್ಮ ಕಡೆ ಫೋಟೋ ತೆಗೆಯೋಕೆ ಏನಿದೆ ಅಂದವರಿಗೆ

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ವಯಸ್ಸು 43. ತಮ್ಮ ಬಳಸುತ್ತಿದ್ದ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಎರಡು ವರ್ಷದ ಹಿಂದೆ ನನಗೆ ಬಂತು. ಜೊತೆಗೆ 18-55 ಮಿಲಿಮೀಟರಿನ ಸಾಮಾನ್ಯ ಲೆನ್ಸ್ ಇದೆ. ನಿಸರ್ಗದ ಫೋಟೋ ತೆಗೆಯುವ ಆಸೆ. ಆದರೆ ನಮ್ಮ ಕಡೆ ಏನಿದೆ ಹೇಳಿ? ಎರೆಹೊಲ, ಜಾಲಿಗಿಡ, ಧೂಳು. ದಾಂಡೇಲಿ, ಆಗುಂಬೆ ಕಡೆಯವರ ಫೋಟೋ ನೋಡಿದರೆ ಹೊಟ್ಟೆ ಉರಿಯುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ವಲಸೆ ಹಕ್ಕಿ ನೋಡಲು ಹೋಗಿದ್ದೆ. ಬಾತುಗಳು ಸಾಸಿವೆ ಕಾಳಿನ ಹಾಗೆ ಬಂದವು. ಅಂಗಡಿಯವರು ದೂರದ್ದನ್ನು ಹತ್ತಿರ ತೋರಿಸುವ 150-600 ಲೆನ್ಸ್ ತಗೊಳ್ಳಿ, ಕಂತಿನಲ್ಲಿ ಕೊಡುತ್ತೇವೆ ಅಂದರು. ನಮ್ಮ ಮನೆಯವರು ‘ನಿನಗೆ ಆ ಕಣ್ಣಿಲ್ಲ, ಅದು ಹುಟ್ಟಿನಿಂದ ಬರಬೇಕು’ ಅನ್ನುತ್ತಾರೆ. ಅತ್ತೆಯವರು ‘ಕ್ಯಾಮೆರಾ ಹಿಡಕೊಂಡ್ರ ಕಣ್ಣಿಂದ ನೋಡೂದ ಬಿಡ್ತಿ’ ಅಂತಾರೆ. ಇನ್ನೊಂದು ಹೇಳಲೇಬೇಕು. ಹೋದ ಬೇಸಿಗೆಯಲ್ಲಿ ಹಿತ್ತಲ ದಾಸವಾಳದಲ್ಲಿ ಪಿಕಳಾರ (ಬುಲ್‌ಬುಲ್ ಹಕ್ಕಿ) ಗೂಡು ಕಟ್ಟಿತ್ತು. ಎಲೆ ಅಡ್ಡ ಬರುತ್ತಿದೆ ಅಂತ ಎರಡು ಟೊಂಗೆ ಹಿಂದಕ್ಕೆ ಕಟ್ಟಿ ಫೋಟೋ ತೆಗೆದೆ. ಎರಡೇ ದಿನಕ್ಕೆ ಗೂಡು ಖಾಲಿ. ಮನುಷ್ಯರ ವಾಸನೆ ತಾಗಿ ತಾಯಿ ಬಿಟ್ಟು ಹೋಯಿತು ಅಂತ ಎಲ್ಲರೂ ಅಂದರು. ಆಮೇಲೆ ಕ್ಯಾಮೆರಾ ಮುಟ್ಟಲು ಮನಸ್ಸೇ ಬರುತ್ತಿಲ್ಲ. ಲೆನ್ಸ್ ತಗೊಳ್ಳಲೋ, ಕ್ಯಾಮೆರಾ ಮಾರಿಬಿಡಲೋ?

ಉತ್ತರ: ಮೇಡಂ, ಲೆನ್ಸ್ ಈಗ ತಗೊಳ್ಳಬೇಡಿ. ಕ್ಯಾಮೆರಾ ಮಾರಲೂ ಬೇಡಿ. ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿದ್ದು ಲೆನ್ಸಿನ ಬಗ್ಗೆ. ಕಾಡುತ್ತಿರುವುದು ಬೇರೆ ಎರಡು ಸಂಗತಿ. ಒಂದು, ನಮ್ಮ ಸೀಮೆಯಲ್ಲಿ ನೋಡುವಂಥದ್ದು ಏನೂ ಇಲ್ಲ ಅನ್ನೋ ಬೇಸರ. ಇನ್ನೊಂದು, ಆ ಗೂಡು. ಗೂಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದನ್ನು ಅವಸರದಲ್ಲಿ ಹೇಳುವಂತಿಲ್ಲ.

ಮೊದಲು ನನ್ನದೇ ಒಂದು ಕಥೆ. ಹುಬ್ಬಳ್ಳಿಯಲ್ಲಿ ಮದುವೆ, ಕುಬಸ, ತೊಟ್ಟಿಲ ಕಾರ್ಯದ ಫೋಟೋ ತೆಗೆದು ಹೊಟ್ಟೆ ಹೊರೆದವನು ನಾನು. ಹಕ್ಕಿ, ಹುಳ, ಹುಲ್ಲು ಎಲ್ಲ ರವಿವಾರದ ಹುಚ್ಚು. ಆ ಹುಚ್ಚನ್ನೇ ಈಗ ಹತ್ತಾರು ಜನರಿಗೆ ಕಲಿಸುತ್ತೇನೆ. ಚಳಿಗಾಲ ಬಂತೆಂದರೆ ಗದಗ ರಸ್ತೆ ಹಿಡಿದು ಮಾಗಡಿ ಕೆರೆಗೆ ಓಡುತ್ತಿದ್ದೆ. ದಾರಿಯಲ್ಲಿ ಅಣ್ಣಿಗೇರಿ ಸುತ್ತ ಎರಡೂ ಕಡೆ ಕಡಲೆ ಹೊಲ. ಆ ಊರಿನ ಹೆಸರಲ್ಲೇ ಒಂದು ಕಡಲೆ ತಳಿ ಇದೆ, ನಿಮಗೂ ಗೊತ್ತಿರುತ್ತದೆ. ಹತ್ತು ವರ್ಷದಲ್ಲಿ ಒಂದು ಸಲವೂ ಅಲ್ಲಿ ಗಾಡಿ ನಿಲ್ಲಿಸಿರಲಿಲ್ಲ. ಕಡಲೆ ಹೊಲದಲ್ಲಿ ಏನಿರುತ್ತೆ, ಅಲ್ವಾ?

ಒಂದು ಜನವರಿ ಬೆಳಿಗ್ಗೆ ಗೆಳೆಯನಿಗೆ ಕಾಯುತ್ತ ಅಲ್ಲಿ ನಿಲ್ಲಬೇಕಾಯಿತು. ಏಳು ದಾಟಿತ್ತು, ಸೂರ್ಯ ಆಗಷ್ಟೇ ಪಕ್ಕದ ಹೊಲದ ಜೋಳದ ತೆನೆಗಳ ಮೇಲೆ ಬಂದಿದ್ದ. ಚಹಾದ ಫ್ಲಾಸ್ಕಿನ ಮುಚ್ಚಳ ಕೈಜಾರಿ ಬದುವಿನ ಕೆಳಗೆ ಉರುಳಿತು. ಎತ್ತಿಕೊಳ್ಳಲು ಕೂತೆ. ನಿಂತಾಗ ಮಾಸಲು ಹಸಿರಾಗಿ ಕಂಡಿದ್ದ ಹೊಲ ಕೂತ ಕೂಡಲೇ ಹೊಳೆಯತೊಡಗಿತು. ಹತ್ತಿರ ಬಗ್ಗಿದೆ. ಎಲೆ, ಕಾಂಡ, ಎಳೆ ಕಾಯಿ, ಎಲ್ಲದರ ಮೈಮೇಲೂ ಸಣ್ಣ ಸಣ್ಣ ಕೂದಲು. ಕೂದಲ ತುದಿಗೆ ಗುಂಡುಪಿನ್ನಿನ ತಲೆಗಿಂತ ಚಿಕ್ಕ ಹನಿ. ನಡುನಡುವೆ ಗುಲಾಬಿ ಕಲೆಸಿದ ನೇರಳೆ ಹೂ, ಕಿರುಬೆರಳ ಉಗುರಿನಷ್ಟೇ, ಎಸಳಿನ ಮೇಲೆ ಕಡು ಬಣ್ಣದ ಗೆರೆ. ಎಲೆಯಂಚಿನ ದೊಡ್ಡ ಹನಿಯೊಂದರಲ್ಲಿ ಹಿಂದಿನ ಜೋಳದ ಸಾಲು ತಲೆಕೆಳಗಾಗಿ ನಿಂತಿತ್ತು. ಮುಚ್ಚಳ ಎತ್ತಿಕೊಳ್ಳುವುದೇ ಮರೆತುಹೋಯಿತು.

ಶೂ ಬಿಚ್ಚಿಟ್ಟು ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಹೊಲದ ಅಜ್ಜಿ ಕೂಗಿದರು. ‘ಬರಿಗಾಲಲೆ ಇಳೀಬ್ಯಾಡೋ ತಮ್ಮಾ, ಹುಳಿ ಕಾಲ ತಿಂತೈತಿ!’

ಆ ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಕಡಲೆ ಗಿಡದ ಆ ಕೂದಲುಗಳು ಬರೀ ಕೂದಲಲ್ಲ. ಅವು ಮ್ಯಾಲಿಕ್, ಆಕ್ಸಾಲಿಕ್ ಅನ್ನೋ ಆಮ್ಲ ಒಸರುತ್ತವೆ. ಎಲೆ ತಿನ್ನಲು ಬರುವ ಹುಳಗಳಿಗೆ ಅದು ಒಗ್ಗುವುದಿಲ್ಲ. (ಕಾಯಿಕೊರಕ ಅದನ್ನೂ ದಾಟಿ ಬರುತ್ತದೆ, ಅದು ರೈತರ ಗೋಳು.) ರಾತ್ರಿಯ ಇಬ್ಬನಿಗೆ ಆ ಹುಳಿ ಬೆರೆತು ಹನಿಗಟ್ಟುತ್ತದೆ. ಹಿಂದೆ ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆ ಅಂತ ಸೀಸೆಯಲ್ಲಿ ಇಡುತ್ತಿದ್ದರಂತೆ. ಹತ್ತು ವರ್ಷ ನಾನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ದಾಟಿ ಹೋದದ್ದು ಇದನ್ನೆಲ್ಲ.

ಆ ಬೆಳಿಗ್ಗೆ ಬದಲಾದದ್ದು ಏನು ಅಂತ ಯೋಚಿಸಿ. ಹೊಲ ಅದೇ, ಕ್ಯಾಮೆರಾನೂ ಅದೇ. ನಾನು ಕೂತೆ. ಬಿಸಿಲು ಓರೆಯಾಗಿ, ನನ್ನ ಎದುರಿನಿಂದ ಬರುತ್ತಿತ್ತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಆಗ ನಾನು ಏನನ್ನೂ ಹುಡುಕುತ್ತಿರಲಿಲ್ಲ.

ಈ ಮೂರನೆಯದರ ಬಗ್ಗೆ ಒಂದು ಪ್ರಸಿದ್ಧ ಪ್ರಯೋಗವೇ ಇದೆ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕೆಲವರಿಗೆ ಒಂದು ವಿಡಿಯೋ ತೋರಿಸಿದರು. ಎರಡು ತಂಡ ಚೆಂಡು ಎಸೆದಾಡುತ್ತಿರುತ್ತವೆ. ಬಿಳಿ ಅಂಗಿಯವರು ಎಷ್ಟು ಸಲ ಎಸೆದರು ಅಂತ ಎಣಿಸಿ ಅಂದರು. ನಡುವೆ ಗೊರಿಲ್ಲಾ ವೇಷದ ಒಬ್ಬರು ಬಂದು, ಎದೆ ಬಡಿದುಕೊಂಡು ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧ ಜನಕ್ಕೆ ಅದು ಕಂಡೇ ಇರಲಿಲ್ಲ! ಕಣ್ಣು ಕುರುಡಾಗಿರಲಿಲ್ಲ, ಲಕ್ಷ್ಯ ಎಣಿಕೆಯಲ್ಲಿತ್ತು. ನಾವು ಮಾಗಡಿಯ ಬಾತು ಎಣಿಸುತ್ತ ಹೋದರೆ ಅಣ್ಣಿಗೇರಿಯ ಕಡಲೆ ಕಾಣುವುದಿಲ್ಲ. ಸಾಲದ್ದಕ್ಕೆ ನಮ್ಮ ಕಣ್ಣು ನಿಚ್ಚಳವಾಗಿ ನೋಡುವುದು ಬಹಳ ಸಣ್ಣ ಜಾಗವನ್ನು ಮಾತ್ರ. ಕೈ ಚಾಚಿ ಹೆಬ್ಬೆರಳ ಉಗುರು ನೋಡಿ, ಸುಮಾರು ಅಷ್ಟೇ. ಉಳಿದದ್ದನ್ನು ಮೆದುಳು ‘ಅದೇ ಹೊಲ, ಅದೇ ಜಾಲಿ’ ಅಂತ ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ದಿನಾ ಓಡಾಡುವ ದಾರಿಯೇ ನಮಗೆ ಕಡಿಮೆ ಕಾಣುವುದು ಇದಕ್ಕೇ.

ಹಾಗಾಗಿ ‘ಆ ಕಣ್ಣು ಹುಟ್ಟಿನಿಂದ ಬರಬೇಕು’ ಅನ್ನೋದನ್ನು ನಾನು ಒಪ್ಪುವುದಿಲ್ಲ. ನಿಮ್ಮ ತರಗತಿಯನ್ನೇ ತಗೊಳ್ಳಿ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಕೊನೇ ಬೆಂಚಿನ ಯಾವ ಹುಡುಗ ಹೋಂವರ್ಕ್ ಮಾಡಿಲ್ಲ ಅಂತ ನಿಮಗೆ ಗೊತ್ತಾಗುತ್ತದೆ. ನನಗೆ ನಲವತ್ತು ಮಕ್ಕಳು ಕಾಣುತ್ತಾರೆ, ಅಷ್ಟೇ. ಅದು ಹುಟ್ಟಿನಿಂದ ಬಂದದ್ದಾ? ಅದೇ ಕೋಣೆಗೆ ವರ್ಷಗಟ್ಟಲೆ ಹೋಗಿ ಬಂದದ್ದು. ಇದನ್ನು ಮನೆಯವರಿಗೂ ಹೇಳಿ ನೋಡಿ.

ಹೊಲಕ್ಕೂ ಇದೇ ದಾರಿ. ಮನೆಯಿಂದ ಐದು ನಿಮಿಷದಲ್ಲಿ ಮುಟ್ಟುವ ಒಂದು ಬದು ಆರಿಸಿಕೊಳ್ಳಿ. ಒಂದು ತಿಂಗಳು ಅದೊಂದೇ. ಜಾಗ ಬದಲಿಸಬೇಡಿ, ಹೊತ್ತು ಬದಲಿಸಿ. ಒಂದು ದಿನ ಬೆಳಗಿನ ಏಳಕ್ಕೆ, ಒಂದು ದಿನ ಶಾಲೆ ಬಿಟ್ಟ ಮೇಲೆ ಐದೂವರೆಗೆ. ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಿಂದ ತೆಗೆಯಬೇಡಿ, ಸುಮ್ನೆ ಕೂತಿರಿ. ಮೊದಲ ವಾರ ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಎರಡನೇ ವಾರಕ್ಕೆ ಎಕ್ಕಿ ಗಿಡ ನೋಡಲು ಶುರು ಮಾಡುತ್ತೀರಿ.

ಎಕ್ಕಿ ಗಿಡ ಅಂದೆ ಅಂತ ನಗಬೇಡಿ. ಶನಿವಾರ ಹನುಮಪ್ಪನಿಗೆ ಹಾರ ಹಾಕುತ್ತೇವೆ, ಉಳಿದ ದಿನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಎಲೆ ಮಗುಚಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಸಿಗಬಹುದು. ಬೆನ್ನ ಮೇಲೆ ಮೂರು ಜೊತೆ ಕರಿ ಕೊಂಬಿನಂಥವು. ಅದು ಅಡಗಿಕೊಳ್ಳುವುದಿಲ್ಲ, ಹೆದರುವುದೂ ಇಲ್ಲ. ಎಕ್ಕಿಯ ಹಾಲಿನ ವಿಷವನ್ನು ಮೈಯಲ್ಲಿ ಸೇರಿಸಿಕೊಂಡಿರುತ್ತದೆ, ಹಕ್ಕಿಗಳು ಅದರ ತಂಟೆಗೆ ಬರುವುದು ಕಡಿಮೆ. ಅದೇ ಆಮೇಲೆ ಕಿತ್ತಳೆ ಬಣ್ಣದ ಚಿಟ್ಟೆ, ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಅನ್ನುತ್ತಾರೆ. ಮೊಟ್ಟೆಯಿಂದ ಚಿಟ್ಟೆವರೆಗೆ ಎಲ್ಲ ಅದೊಂದೇ ಗಿಡದ ಸುತ್ತ. ನಿಮ್ಮ ಶಾಲೆಯ ಕಾಂಪೌಂಡಿನ ಹೊರಗೂ ಒಂದು ಗಿಡ ಇದ್ದೇ ಇರುತ್ತದೆ. ಎಲೆ ಮುರಿದರೆ ಬರುವ ಹಾಲು ಮಾತ್ರ ಕಣ್ಣಿಗೆ ತಾಗಿಸಿಕೊಳ್ಳಬೇಡಿ, ತುಂಬ ಕೆಟ್ಟದ್ದು. ಮಕ್ಕಳಿಗೂ ಹೇಳಿ.

ಎಕ್ಕಿ ವರ್ಷವಿಡೀ ಇರುತ್ತದೆ. ಉಳಿದವಕ್ಕೆ ಹಂಗಾಮು ಕಾಯಬೇಕು. ಫೆಬ್ರವರಿಯಲ್ಲಿ ಮುತ್ತುಗ ಎಲೆಯಿಲ್ಲದೆ ಕೆಂಡದಂತೆ ನಿಂತಿರುತ್ತದೆ, ಮೈನಾ, ಪಿಕಳಾರ, ಸೂರಕ್ಕಿ ಎಲ್ಲ ಅಲ್ಲೇ. ಏಪ್ರಿಲ್‌ನಲ್ಲಿ ಎರೆ ಬಿರಿಯುತ್ತದೆ. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಆ ಬಿರುಕು. ನಡುಮಧ್ಯಾಹ್ನ ಅದು ಬರೀ ಒಡೆದ ನೆಲ. ಸಂಜೆ ಆರಕ್ಕೆ ಒಂದೊಂದು ಬಿರುಕಿನೊಳಗೂ ನೆರಳು ಇಳಿದಾಗ ಬೇರೆಯೇ ಕಾಣುತ್ತದೆ. ಬಿರುಕಿನಲ್ಲಿ ಕೈ ಹಾಕಬೇಡಿ, ಚೇಳು ಇರುತ್ತದೆ. ಮಿರಗದ (ಮೃಗಶಿರಾ) ಮೊದಲ ಮಳೆ ಬಿದ್ದ ಮರುದಿನ ಕೆಂಪು ಮಖಮಲ್ಲಿನ ತುಂಡು ನಡೆದಾಡಿದ ಹಾಗೆ ಹುಳಗಳು ನೆಲದಿಂದ ಏಳುತ್ತವೆ, ಕೆಲವೇ ದಿನ. ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗ. ಗಂಡು ಅರ್ಧ ಗೂಡು ಹೆಣೆದು, ರೆಕ್ಕೆ ಬಡಿಯುತ್ತ ಹೆಣ್ಣನ್ನು ಕರೆಯುತ್ತದೆ. ಅವಳು ಒಪ್ಪಿದರೆ ಮಾತ್ರ ಉಳಿದರ್ಧ. ಗೂಡು ಹೆಚ್ಚಾಗಿ ಗಿಡದ ಮೂಡಣ ಕಡೆಗೆ ತೂಗುತ್ತಿರುತ್ತವೆ, ನೈಋತ್ಯದ ಮಳೆಗಾಳಿ ನೇರ ಬಡಿಯಬಾರದು ಅಂತ. ಈಗ ಹೇಳಿ, ಜಾಲಿಗಿಡ ಬಿಟ್ಟು ಏನೂ ಇಲ್ಲವಾ?

ದಾಂಡೇಲಿ, ಆಗುಂಬೆಯ ಫೋಟೋಗಳ ಬಗ್ಗೆ ಒಂದು ಒಳಗುಟ್ಟು. ದಟ್ಟ ಕಾಡಿನಲ್ಲಿ ಬೆಳಕೇ ಕಡಿಮೆ. ಅಲ್ಲಿನವರು ಬೆಳಕಿಗೆ ಒದ್ದಾಡುತ್ತಾರೆ. ನಮ್ಮ ಬಯಲಲ್ಲಿ ಸೂರ್ಯ ನೆಲದ ಅಂಚಿನಿಂದಲೇ ಏಳುತ್ತಾನೆ, ಮೊದಲ ಕಿರಣವೇ ಗಿಡಕ್ಕೆ ಬೀಳುತ್ತದೆ. ಜೊತೆಗೆ ನಮ್ಮಲ್ಲಿ ಎರೆಮಣ್ಣಿದೆ. ಸ್ಟುಡಿಯೋದವರು ಕರಿ ಪರದೆ ಕಟ್ಟಿ ಮಾಡುವ ಕೆಲಸವನ್ನು ನಮ್ಮ ನೆಲ ಪುಕ್ಕಟೆ ಮಾಡುತ್ತದೆ. ಕುಸುಬಿಯ ಹಳದಿ ಹೂವನ್ನು ಎರೆಯ ಮುಂದಿಟ್ಟು ನೋಡಿ. ಆದರೆ ಇಲ್ಲಿ ಕ್ಯಾಮೆರಾ ಒಂದು ಮೋಸ ಮಾಡುತ್ತದೆ. ಅದಕ್ಕೆ ಜಗತ್ತೆಲ್ಲ ಬೂದು ಬಣ್ಣ ಅನ್ನೋ ಲೆಕ್ಕ. ಕರಿ ನೆಲ ಕಂಡರೆ ‘ಕತ್ತಲು ಜಾಸ್ತಿ ಇದೆ’ ಅಂದುಕೊಂಡು ಬೆಳಕು ಏರಿಸಿಬಿಡುತ್ತದೆ. ಎರೆ ಬೂದಿಯಾಗುತ್ತದೆ, ಹೂವು ಸುಣ್ಣವಾಗುತ್ತದೆ. ಪ್ಲಸ್-ಮೈನಸ್ ಗುರುತಿನ ಬಟನ್ ಇದೆಯಲ್ಲ, ಅದನ್ನು ಮೈನಸ್ 1ಕ್ಕೆ ಇಳಿಸಿ. ‘ನಮ್ಮ ಹೊಲ ಫೋಟೋದಲ್ಲಿ ಸಪ್ಪೆ ಬರುತ್ತೆ’ ಅನ್ನುವವರಲ್ಲಿ ಅರ್ಧ ಜನರ ರೋಗ ಇಷ್ಟೇ.

ಈಗ ಲೆನ್ಸ್. ಬಾತು ಸಾಸಿವೆ ಕಾಳಾಗಿ ಬಂದದ್ದು ನಿಮ್ಮ ತಪ್ಪಲ್ಲ. 18-55ರಲ್ಲಿ ಅಷ್ಟೇ ಬರುವುದು. ಆದರೆ 600 ಇದ್ದಿದ್ದರೆ ಚೆನ್ನಾಗಿ ಬರುತ್ತಿತ್ತಾ? ನೀವು ಎಷ್ಟು ಗಂಟೆಗೆ ಹೋಗಿದ್ದಿರಿ ಅಂತ ಬರೆದಿಲ್ಲ. ಹತ್ತರ ಮೇಲಾಗಿದ್ದರೆ ಖಂಡಿತ ಇಲ್ಲ. ಬಿಸಿಲೇರಿದ ಮೇಲೆ ನೆಲದ ಹತ್ತಿರದ ಗಾಳಿ ಒಂದು ಕಡೆ ಬಿಸಿ, ಒಂದು ಕಡೆ ತಂಪು. ಅದರ ಮೂಲಕ ಬರುವ ಬೆಳಕು ಬಾಗುತ್ತ, ನಡುಗುತ್ತ ಬರುತ್ತದೆ. ಬೇಸಿಗೆಯಲ್ಲಿ ಡಾಂಬರು ರಸ್ತೆ ಮೇಲೆ ನೀರಾಡಿದಂತೆ ಕಾಣುತ್ತದಲ್ಲ, ಅದರದೇ ಬಳಗ. ಲೆನ್ಸ್ ದೊಡ್ಡದಾದಷ್ಟೂ ಆ ನಡುಕವೂ ದೊಡ್ಡದಾಗುತ್ತದೆ. ಕಂತು ಕಟ್ಟಿ ಲೆನ್ಸ್ ತಂದು, ಮಧ್ಯಾಹ್ನ ಹೋಗಿ, ‘ಲೆನ್ಸೇ ಸರಿಯಿಲ್ಲ’ ಅಂತ ವಾಪಸ್ ಕೊಡಲು ಓಡಿದವರನ್ನು ನೋಡಿದ್ದೇನೆ.

ಮಾಗಡಿಗೆ ಇನ್ನೊಮ್ಮೆ ಹೋಗಿ, ಬೇರೆ ಲೆಕ್ಕದಲ್ಲಿ. ಆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಮಧ್ಯ ಏಷ್ಯಾದಿಂದ ಬರುವಂಥವು. ಆ ಕೆರೆಗೆ 2024ರಲ್ಲಿ ರಾಮ್‌ಸಾರ್ ತಾಣ ಅನ್ನೋ, ಮುಖ್ಯವಾದ ಕೆರೆ-ಜೌಗು ನೆಲಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿದೆ. ಅವು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ, ಕೆರೆಗೆ ಬಂದು ವಿಶ್ರಮಿಸುತ್ತವೆ. ಹಾರಿ ಹೋಗುವ, ಬರುವ ಹೊತ್ತಿಗೆ ನಿಂತುಕೊಳ್ಳಿ. ನಿಮ್ಮ 18-55ರಲ್ಲೇ ಇಡೀ ಆಕಾಶ, ಅದರಲ್ಲಿ ಒಂದು ಸಾಲು, ಕೆಳಗೆ ಕೆರೆ. ಆಗ ಆ ಸಾಸಿವೆ ಕಾಳುಗಳೇ ಚಿತ್ರ. ಹತ್ತಿರದ ಫೋಟೋ ಬೇಕು ಅಂತ ದಂಡೆ ಇಳಿದು ನಡೆದರೆ ಸಾವಿರ ಹಕ್ಕಿ ಒಮ್ಮೆಲೇ ಏಳುತ್ತವೆ. ನೋಡಲು ಚೆಂದ. ಆದರೆ ಮಾರ್ಚ್ ಹೊತ್ತಿಗೆ ಅಷ್ಟು ದೂರ ವಾಪಸ್ ಹಾರಬೇಕಾದ ಹಕ್ಕಿಗೆ ಅದು ಸುಮ್ಮಸುಮ್ಮನೆ ಶಕ್ತಿ ಖರ್ಚು.

ದುಡ್ಡು ಹಾಕಲೇಬೇಕು ಅನ್ನಿಸಿದರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಎಕ್ಸ್‌ಟೆನ್ಶನ್ ಟ್ಯೂಬ್ ತಗೊಳ್ಳುತ್ತಿದ್ದೆ. ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರಿಸುವ ಟೊಳ್ಳು ಬಳೆ, ಒಳಗೆ ಗಾಜೇ ಇಲ್ಲ. ಅದರಿಂದ ನಿಮ್ಮ ಲೆನ್ಸು ಹೂವಿಗೆ ತೀರಾ ಹತ್ತಿರ ಹೋಗಬಹುದು. ವಿದ್ಯುತ್ ಸಂಪರ್ಕದ ಲೋಹದ ಚುಕ್ಕಿಗಳಿರುವ ಟ್ಯೂಬೇ ತಗೊಳ್ಳಿ. ಅಗ್ಗದ್ದರಲ್ಲಿ ಅದಿರುವುದಿಲ್ಲ, ಆಗ ಬೆಳಕು ಒಳಬರುವ ಲೆನ್ಸಿನ ಕಿಂಡಿ ಹಿಗ್ಗಿಸಿ ಕುಗ್ಗಿಸಲು ಬರುವುದಿಲ್ಲ. ಇದರ ಕಷ್ಟ ಎರಡು. ಅಷ್ಟು ಹತ್ತಿರದಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ ನಿಚ್ಚಳವಾಗಿರುತ್ತದೆ. ಹೂವು ಕೊಂಚ ಅಲ್ಲಾಡಿದರೂ ಮುಗಿಯಿತು. ಗದಗಿನ ಗಾಳಿ ಗೊತ್ತಲ್ಲ, ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ! ಸೂರ್ಯ ಹುಟ್ಟಿದ ಮೊದಲ ಅರ್ಧ ಗಂಟೆ ಗಾಳಿ ಕಡಿಮೆ, ಆಗಲೇ ಕೆಲಸ ಮುಗಿಸಿ. ಎರಡನೆಯದು ಧೂಳು. ಹೊಲದಲ್ಲಿ ನಿಂತು ಲೆನ್ಸ್ ಬಿಚ್ಚಿದರೆ ಎರೆಯ ಪುಡಿ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂರುತ್ತದೆ. ಮನೆಯಲ್ಲೇ ಟ್ಯೂಬ್ ಹಾಕಿಕೊಂಡು ಹೋಗಿ.

ಹಕ್ಕಿಯ ಮೇಲೇ ಮನಸ್ಸಿದ್ದರೆ 55-250 ಅಥವಾ ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ಸಾಕು. ಕೊಳ್ಳುವ ಮುನ್ನ ಟಾರ್ಚ್ ಹಾಕಿ ಲೆನ್ಸಿನ ಒಳಗೆ ನೋಡಿ. ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ನನ್ನ ಮೊದಲ ಒಳ್ಳೇ ಲೆನ್ಸನ್ನು ಧಾರವಾಡದ ಒಂದು ಮಳೆಗಾಲ ಚರ್ಮದ ಚೀಲದಲ್ಲೇ ಇಟ್ಟು ಬೂಷ್ಟಿಗೆ ಕೊಟ್ಟೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. 150-600 ಸುಮಾರು ಎರಡು ಕಿಲೋ ತೂಗುತ್ತದೆ. ಅದನ್ನು ಒಂದು ದಿನ ಬಾಡಿಗೆಗೆ ತಂದು ಕುತ್ತಿಗೆಗೆ ಹಾಕಿಕೊಂಡು ನಡೆಯಿರಿ, ಆಮೇಲೆ ಕಂತಿನ ಮಾತು. ಇನ್ನು ಮೊಬೈಲ್. ಅದರಲ್ಲೂ ಒಳ್ಳೇ ಕೆಲಸ ಆಗುತ್ತದೆ, ಲೆನ್ಸಿನ ಮೇಲಿನ ಬೆರಳ ಜಿಡ್ಡು ಒರೆಸಿಕೊಂಡರೆ. ಎರಡು ಬೆರಳಿಂದ ಎಳೆದು ಜೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ.

ಗೂಡಿನ ಮಾತಿಗೆ ಬರೋಣ.

‘ಮನುಷ್ಯರ ವಾಸನೆ ತಾಗಿದರೆ ತಾಯಿ ಬಿಟ್ಟು ಹೋಗುತ್ತೆ’ ಅನ್ನೋದು ಎಲ್ಲ ಕಡೆ ಇರುವ ನಂಬಿಕೆ. ನಿಜ ಅಲ್ಲ. ಪಿಕಳಾರದಂಥ ಹಕ್ಕಿಗಳು ವಾಸನೆ ಹಿಡಿದು ಮರಿ ಬಿಡುವುದಿಲ್ಲ. ಆದರೆ ನೀವು ಮಾಡಿದ್ದರಿಂದ ಏನೂ ಆಗಲಿಲ್ಲ ಅಂತಲೂ ನಾನು ಹೇಳಲಾರೆ. ಆ ಎಲೆ ಅಡ್ಡ ಬಂದದ್ದು ನಿಮಗೆ. ಹಕ್ಕಿ ಆ ಜಾಗ ಆರಿಸಿದ್ದೇ ಆ ಎಲೆ ನೋಡಿ. ಅದು ಮರಿಗೆ ಚಾವಣಿ, ಕಾಗೆ ಕೆಂಬೂತದ ಕಣ್ಣಿಗೆ ಪರದೆ. ಟೊಂಗೆ ಹಿಂದಕ್ಕೆ ಕಟ್ಟಿದ ಮೇಲೆ ಬೇಸಿಗೆ ಬಿಸಿಲು ನೇರ ಒಳಗೆ ಬೀಳುತ್ತದೆ. ಕಾಗೆಗೆ ಗೂಡು ಕಾಣುತ್ತದೆ. ನೀವು ಅಲ್ಲೇ ಓಡಾಡುತ್ತಿದ್ದರೆ ತಾಯಿ ದೂರ ನಿಂತು ಕೂಗುತ್ತದೆ, ಆ ಕೂಗು ಕೇಳಿ ಬೆಕ್ಕಿಗೂ ಸುಳಿವು. ಹಾವು, ಓತಿ ಬೇರೆ. ಮೊಟ್ಟೆಯಿತ್ತೋ ಮರಿಯಿತ್ತೋ ನೀವು ಬರೆದಿಲ್ಲ. ರೆಕ್ಕೆ ಬಲಿತ ಮರಿಯಾಗಿದ್ದರೆ ಹಾರಿ ಹೋಗಿರಲೂಬಹುದು. ಯಾರೂ ಟೊಂಗೆ ಮುಟ್ಟದಿದ್ದರೂ ಪಿಕಳಾರದ ಎಷ್ಟೋ ಗೂಡು ಹೀಗೇ ಹೋಗುತ್ತವೆ. ಅದೇ ಜೋಡಿ ಅದೇ ಹಂಗಾಮಿನಲ್ಲಿ ಮತ್ತೆ ಕಟ್ಟುತ್ತದೆ. ಪೂರ್ತಿ ಹೊರೆ ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಟೊಂಗೆಯನ್ನು ಮಾತ್ರ ಇನ್ನೊಮ್ಮೆ ಕಟ್ಟಬೇಡಿ.

ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಧಾರವಾಡದ ಹತ್ತಿರ ಒಂದು ಕಲ್ಲುನೆಲದಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆ. ಏಪ್ರಿಲ್ ತಿಂಗಳು. ಆ ಹಕ್ಕಿ ಗೂಡು ಅಂತ ಕಟ್ಟುವುದೇ ಇಲ್ಲ. ಬರೀ ನೆಲ, ಮೊಟ್ಟೆಯ ಬಣ್ಣವೂ ಕಲ್ಲಿನದೇ. ಬಿಸಿಲು ಕಾಯ್ದಾಗ ಅದು ಹಳ್ಳಕ್ಕೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ತಂಪು ಮಾಡಲು. ಕಾವು ಕೊಡುವುದಕ್ಕಿಂತ ಬೇಗೆ ತಡೆಯುವುದೇ ಆಗ ದೊಡ್ಡ ಕೆಲಸ. ಆ ಒದ್ದೆ ಹೊಟ್ಟೆಯ ಫೋಟೋ ಬೇಕಾಗಿತ್ತು ನನಗೆ. ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ತೀರಾ ಹತ್ತಿರ ಕೂತೆ. ಹನ್ನೊಂದರ ಬಿಸಿಲು. ಹಕ್ಕಿ ಸುತ್ತ ಹಾರಿ ಕಿರುಚುತ್ತಿತ್ತು, ಇಳಿಯಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಇಳಿಯಿತು. ಫೋಟೋ ಬಹಳ ಚೆನ್ನಾಗಿ ಬಂತು. ಮೂರನೇ ದಿನ ಹೋದಾಗ ಮೊಟ್ಟೆ ನಾಲ್ಕೂ ಅಲ್ಲೇ ಇದ್ದವು, ಹಕ್ಕಿ ಇರಲಿಲ್ಲ. ಆ ಫೋಟೋ ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಅವತ್ತಿನಿಂದ ಮೊಟ್ಟೆ ಮರಿ ಇರುವ ಗೂಡಿನ ಫೋಟೋ ಬಿಟ್ಟಿದ್ದೇನೆ, ಕಲಿಯಲು ಬಂದವರಿಗೂ ಬೇಡ ಅನ್ನುತ್ತೇನೆ. ಮರಿ ಹಾರಿ ಹೋದ ಮೇಲೆ ಖಾಲಿ ಗೂಡಿನ ಫೋಟೋ ತೆಗೆಯಿರಿ. ಪಿಕಳಾರ ಜೇಡರ ನೂಲಿನಿಂದ ನಾರು ಹೇಗೆ ಅಂಟಿಸಿದೆ ಅಂತ ಆಗಲೇ ಚೆನ್ನಾಗಿ ಕಾಣುವುದು.

ಕೃಷ್ಣಮೃಗಕ್ಕೂ ಇದೇ ಮಾತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದ ಅಭಯಾರಣ್ಯ ಇದೆ, 119 ಚದರ ಕಿಲೋಮೀಟರ್. ಅವು ಹೊರಗಿನ ಹೊಲಗಳಲ್ಲೂ ಸಿಗುತ್ತವೆ. ಎಲ್ಲರಿಗೂ ಬೇಕಾಗುವುದು ನೆಗೆಯುವ ಫೋಟೋ. ಆ ನೆಗೆತ ಬಹಳ ಸಲ ಭಯದ್ದು. ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಿ ತೆಗೆದ ಫೋಟೋ ನೋಡಿದ ಕೂಡಲೇ ನಮಗೆ ಗೊತ್ತಾಗುತ್ತದೆ, ಕಿವಿ, ಕಣ್ಣು ಎಲ್ಲ ಹೇಳುತ್ತವೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೃಷ್ಣಮೃಗ ಹುಲಿಯ ಜೊತೆಗೇ ಮೊದಲ ಪಟ್ಟಿಯಲ್ಲಿದೆ, ಓಡಿಸಿದರೆ ಕೇಸು. ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಿಮ್ಮ ಕಪ್ಪತಗುಡ್ಡವೂ 2019ರಿಂದ ವನ್ಯಜೀವಿ ಧಾಮ. ಡ್ರೋನ್ ಅಂತೂ ಬೇಡವೇ ಬೇಡ. ಅಪರೂಪದ ಪ್ರಾಣಿ, ಗೂಡು ಸಿಕ್ಕರೆ ಫೋಟೋ ಹಾಕುವಾಗ ಜಾಗದ ಹೆಸರು ಬರೆಯಬೇಡಿ.

ಅತ್ತೆಯವರ ಮಾತಿನಲ್ಲಿ ಮಾತ್ರ ಸತ್ಯ ಇದೆ, ಅರ್ಧ. 2014ರಲ್ಲಿ ಅಮೆರಿಕದ ಲಿಂಡಾ ಹೆಂಕೆಲ್ ಅನ್ನೋ ಮನಶ್ಶಾಸ್ತ್ರಜ್ಞೆ ಒಂದು ಅಧ್ಯಯನ ಪ್ರಕಟಿಸಿದರು. ಜನರನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಕೆಲವು ವಸ್ತು ಸುಮ್ನೆ ನೋಡಿ, ಕೆಲವುದರ ಫೋಟೋ ತೆಗೆಯಿರಿ ಅಂದರು. ಮರುದಿನ ಕೇಳಿದರೆ ಫೋಟೋ ತೆಗೆದ ವಸ್ತುಗಳೇ ಕಡಿಮೆ ನೆನಪಿದ್ದವು. ಹೇಗಿದ್ದರೂ ಕ್ಯಾಮೆರಾದಲ್ಲಿ ಇದೆಯಲ್ಲ ಅಂತ ಮನಸ್ಸು ಕೈಬಿಟ್ಟಿತ್ತು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ತೆಗೆದವರಲ್ಲಿ ಆ ನಷ್ಟ ಕಾಣಲಿಲ್ಲ. ಅಂದರೆ ಗುರಿಯಿಲ್ಲದೆ ಟಪಟಪ ಹೊಡೆದರೆ ಅತ್ತೆ ಹೇಳಿದ ಹಾಗೇ ಆಗುತ್ತದೆ. ಇದಕ್ಕೇ ಆ ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲಿರಲಿ ಅಂದದ್ದು.

ಈಗ ಜನವರಿ ನಡೆದಿದೆ. ನಿಮ್ಮ ಸುತ್ತ ಕಡಲೆ ಇನ್ನೂ ಹಸಿರಾಗಿರುತ್ತದೆ, ಫೆಬ್ರವರಿಗೆ ಒಣಗಿ ಕೊಯ್ಲಿಗೆ ಬರುತ್ತದೆ. ಹೊಲದವರನ್ನು ಕೇಳಿಕೊಂಡು, ಏಳು ಗಂಟೆಗೆ ಮುಂಚೆ ಬದುವಿನ ಮೇಲೆ ಕೂತಿರಿ, ಸೂರ್ಯನ ಕಡೆ ಮುಖ ಮಾಡಿ. ಕಾಲಿಗೆ ಬೂಟು ಇರಲಿ. ಹುಳಿಯ ಮಾತಷ್ಟೇ ಅಲ್ಲ, ಬದುವಿನ ಹುಲ್ಲಿನಲ್ಲಿ ಕೊಳಕುಮಂಡಲ ಹಾವು ಮಲಗಿರುತ್ತದೆ. ಕೂರುವ ಮುಂಚೆ ಕೋಲಿನಿಂದ ನಾಲ್ಕು ಸಲ ನೆಲ ಬಡಿಯಿರಿ. ಲೆನ್ಸಿಗೆ ಹನಿ ತಾಗಿದರೆ ಸೆರಗಿನಿಂದ ಒರೆಸಬೇಡಿ, ಎರೆಯ ಪುಡಿ ಗೀರು ಹಾಕುತ್ತದೆ. ಮೊದಲು ರಬ್ಬರ್ ಬುರುಡೆಯಿಂದ ಊದಿ, ಆಮೇಲೆ ಮೆತ್ತನೆ ಬಟ್ಟೆ.

ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಕಡಲೆ ಹುಳಿ ಹಿಂಡುವುದು ಅವರ ವಯಸ್ಸಿನವರಿಗೆ ಗೊತ್ತಿರುತ್ತದೆ. ಹಿಂದಿನ ರಾತ್ರಿಯೇ ಬಟ್ಟೆ ಹಾಸಬೇಕು. ತೆಳ್ಳಗಿನ ಬಿಳೀ ಧೋತರದ ತುಂಡಾದರೆ ಬೆಳಗಿನ ಬೆಳಕಿನಲ್ಲಿ ಅವರ ಕೈ, ಬಟ್ಟೆ, ಹನಿ, ಮೂರೂ ಚೆನ್ನಾಗಿ ಬರುತ್ತವೆ.